ಬಸಳೆಗೆ ಹಿಡಿದ ಬೆಳಕು

ಅವರ ಬಲಗೈಯ ಎರಡು ಬೆರಳುಗಳು ಸದಾ ತಣ್ಣಗಿರುತ್ತಿದ್ದವು. ತೋರುಬೆರಳು, ಅದರ ಪಕ್ಕದ ನಡುಬೆರಳು. ಅವೆರಡನ್ನೂ ಜೋಡಿಸಿ ನಮ್ಮ ಗದ್ದದ ಅಡಿಗಿಟ್ಟು, ಒಂಚೂರೇ ಚೂರು ಮೇಲೆತ್ತಿ, "ಹಾಂ, ಇಷ್ಟೇ. ಇನ್ನು ಉಸ್ರು ಬಿಡ್ಬೇಡ" ಎಂದು ಹೇಳಿ ಕ್ಯಾಮೆರಾದ ಹಿಂದೆ ಓಡುತ್ತಿದ್ದರು. ಬೆರಳು ಹೋದರೂ ನಶ್ಯದ ಘಾಟು ಮೂಗಿನ ಕೆಳಗೇ ಉಳಿದು, ಉಸಿರು ಬಿಡಬೇಡ ಅಂದ ಕ್ಷಣಕ್ಕೇ ಸರಿಯಾಗಿ ಸೀನು ಬರುತ್ತಿತ್ತು. ನನ್ನ ಹೈಸ್ಕೂಲಿನ ಫೋಟೊದಲ್ಲಿ ನಾನು ಅರ್ಧ ಕಣ್ಣು ಮುಚ್ಚಿ, ಬಾಯಿ ತೆರೆದು ಕೂತಿರುವುದಕ್ಕೆ ಇದೇ ಕಾರಣ. ಅಪ್ಪ ಆ ಫೋಟೊ ಹಿಡಿದುಕೊಂಡು ಜಗಳಕ್ಕೆ ಹೋದಾಗ ಅವರು ಒಂದಿಷ್ಟೂ ಅಳುಕದೆ, "ಹುಡ್ಗಿ ಹಾಡೂ ಪೋಸಿನಲ್ಲಿ ಬಂದಿದ್ದಾಳೆ. ನೋಡಿ, ಎಷ್ಟು ಚೊಲೋ ಇದೆ" ಎಂದು ಹೇಳಿ ಕಳಿಸಿದ್ದರಂತೆ.

ಕುಮಟೆಯಲ್ಲಿ ನಾವೆಲ್ಲ ಅವರನ್ನು ಸ್ಟುಡಿಯೋ ಮಾಮ ಎಂದೇ ಕರೆಯುತ್ತಿದ್ದೆವು. ಹೆದ್ದಾರಿಯ ಅಂಚಿನಲ್ಲಿ ಅವರ ಹೆಂಚಿನ ಮನೆ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಕಿಟಕಿಯಿಲ್ಲದ, ಗೋಡೆಗೆ ಕಪ್ಪು ಪರದೆ ಇಳಿಬಿಟ್ಟ ಆ ಕೋಣೆಗೆ ಊರಿನ ಎಷ್ಟು ಗದ್ದಗಳು ಬಂದು ಹೋದವೋ ದೇವರಿಗೇ ಗೊತ್ತು. ಮದುಮಕ್ಕಳು, ಪಾಸ್‌ಪೋರ್ಟಿನವರು, ಅಳುವ ಕೂಸುಗಳು, ಹೊಸ ಮೀಸೆಯ ಹುಡುಗರು ಎಲ್ಲರೂ ಆ ಎರಡು ಬೆರಳಿನ ಮೇಲೆ ಗದ್ದ ಇಟ್ಟವರೇ. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಫೋನಿನೊಳಗೆ ಕ್ಯಾಮೆರಾ ಬಂತು, ಸ್ಟುಡಿಯೋದ ಶಟರ್ ದಿನಕ್ಕೊಮ್ಮೆ ಸುಮ್ಮನೆ ಗಾಳಿಯಾಡಲಿಕ್ಕೆ ಎಂಬಂತೆ ತೆರೆಯತೊಡಗಿತು. ಮಾಮನಿಗೆ ಅದರಿಂದ ದುಃಖವಾದದ್ದನ್ನು ನಾನಂತೂ ಕಾಣಲಿಲ್ಲ. "ಜನ ಅವರವರೇ ಫೋಟೊ ತಕ್ಕೊಳ್ತಾರೆ, ಬರೀ ಮೂಗೇ ಬರ್ತದೆ. ಅವ್ರ ಹಣೆಬರಹ, ನಾ ಎಂತ ಮಾಡೂದು?" ಎಂದು ನಗುತ್ತಿದ್ದರು.

ನನ್ನದು ಪೇಟೆಯಲ್ಲಿ ಒಂದು ಎಲೆಕ್ಟ್ರಿಕ್ ಅಂಗಡಿ. ಅಪ್ಪನದಾಗಿತ್ತು, ಅಪ್ಪನಿಗೆ ಪಾರ್ಶ್ವವಾಯು ಬಡಿದ ಮೇಲೆ ನನ್ನದಾಯಿತು. ಹೆಂಗಸು ವೈರು, ಹೋಲ್ಡರು ಮಾರುವುದನ್ನು ನೋಡಿ ಅಭ್ಯಾಸವಿಲ್ಲದ ಜನ ಮೊದಮೊದಲು ಒಳಗೆ ಇಣುಕಿ, "ಗಂಡಸ್ರು ಯಾರೂ ಇಲ್ವಾ?" ಎಂದು ಕೇಳಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ಇದ್ದಾರೆ, ಫ್ಯೂಸ್ ಹೋಗಿ ಮಲಗಿದ್ದಾರೆ" ಎಂದು ಬಿಡುತ್ತಿದ್ದೆ. ಹೀಗೆ ವ್ಯಾಪಾರ ಆಗುತ್ತದೆಯೇ? ಮಾಮ ಮಾತ್ರ ಮೊದಲ ದಿನದಿಂದಲೂ ನನ್ನನ್ನು "ಕರೆಂಟಮ್ಮ" ಎಂದು ಕರೆದು, ನನ್ನ ಸ್ಟೂಲಿನ ಮೇಲೆ ತಾವೇ ಕೂತು, ಬಂದ ಗಿರಾಕಿಗಳಿಗೆಲ್ಲ ಬೇಡದ ಸಲಹೆ ಕೊಡುತ್ತಿದ್ದರು. ಅವರು ಹೇಳಿದ್ದರಲ್ಲಿ ಅರ್ಧ ತಪ್ಪಿರುತ್ತಿತ್ತು. ಹೇಳುವ ಗತ್ತಿಗೆ ಮಾತ್ರ ಒಂದು ದಿನವೂ ಕುಂದು ಬರಲಿಲ್ಲ.

ಮಾಮನ ಹೆಂಡತಿಯನ್ನು ನಾವು ಅತ್ತೆ ಎನ್ನುತ್ತಿದ್ದೆವು. ಅವರು ಬಾಡ ಎಂಬ ಊರಿನ ಕಡಲ ಬದಿಯವರು, ಮೀನುಗಾರರ ಮನೆಯ ಮಗಳು. ಸಣ್ಣ ಆಳು, ದೊಡ್ಡ ದನಿ. ಅತ್ತೆ ಮಾಮನನ್ನು ಬೈಯುವುದು ಬಸ್‌ಸ್ಟ್ಯಾಂಡಿನ ತನಕ ಕೇಳುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ನಶ್ಯದ ಕೈಯನ್ನು ಟವೆಲಿಗೆ ಒರೆಸಿದ್ದಕ್ಕೆ ಬೈಗುಳ, ಎಂಟಕ್ಕೆ ಏಳುವುದಕ್ಕೆ ಬೈಗುಳ, ಸಂಜೆ ಗೆಳೆಯರ ಕಟ್ಟೆಗೆ ಹೋದವರು ಊಟದ ಹೊತ್ತಿಗೂ ಬಾರದ್ದಕ್ಕೆ ಬೈಗುಳ. ಮಾಮ ಅದನ್ನೆಲ್ಲ ರೇಡಿಯೋ ಕೇಳಿದ ಹಾಗೆ ಕೇಳುತ್ತಿದ್ದರು.

ಆ ಮನೆಯ ಅಂಗಳದಲ್ಲಿ ಅತ್ತೆಯ ಬಸಳೆ ಚಪ್ಪರ ಇತ್ತು. ಮದುವೆಯಾಗಿ ಬರುವಾಗ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ದಂಟಿನಿಂದ ಬೆಳೆದದ್ದು. ಹೆಬ್ಬೆರಳು ದಪ್ಪದ ದಂಟು, ಅಂಗೈ ಅಗಲದ ಎಲೆ. ಸೆಟ್ಲಿ, ಅಂದರೆ ಸಿಗಡಿ, ಹಾಕಿ ಅತ್ತೆ ಅದರ ಸಾರು ಮಾಡಿದರೆ ನಮ್ಮ ಮನೆಯಲ್ಲಿ ಆ ದಿನ ಅಡಿಗೆಯ ಒಲೆ ಹಚ್ಚುತ್ತಿರಲಿಲ್ಲ, ಪಾತ್ರೆ ಹಿಡಿದು ಹೋಗಿಬಿಡುತ್ತಿದ್ದೆವು. ಸೊಪ್ಪು ಎಷ್ಟು ಕೇಳಿದರೂ ಕೊಡುತ್ತಿದ್ದರು. ದಂಟು ಮಾತ್ರ ಊಹೂಂ. ನೆಡಲಿಕ್ಕೆ ದಂಟು ಕೊಟ್ಟರೆ ತಾಯಿಬಳ್ಳಿ ಮುನಿಸಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ನಮ್ಮ ಅಮ್ಮ ಒಮ್ಮೆ ಕದ್ದು ಮುರಿಯಲು ಹೋಗಿ ಸಿಕ್ಕಿಬಿದ್ದಾಗ ಅತ್ತೆ ಒಂದು ವಾರ ಮಾತು ಬಿಟ್ಟಿದ್ದರು.

ಹೆದ್ದಾರಿ ಅಗಲವಾದಾಗ ಆ ಅಂಗಳ ಹೋಯಿತು. ಚಪ್ಪರ ಹೋಯಿತು. ರಸ್ತೆ ಸ್ಟುಡಿಯೋದ ಮೆಟ್ಟಿಲ ತನಕ ಬಂದು, ಅದರಾಚೆ ಮೇಲ್ಸೇತುವೆಯ ಎತ್ತರದ ಕಾಂಕ್ರೀಟು ಗೋಡೆ ಎದ್ದಿತು. ಹಿಂಬದಿಗೆ ಮೊದಲೇ ಮೂರು ಮಹಡಿಯ ಕಟ್ಟಡ. ಬಾಡದ ತವರುಮನೆಯ ಅಂಗಳಕ್ಕೂ ಅಷ್ಟರಲ್ಲಿ ಸಿಮೆಂಟು ಬಿದ್ದು, ಅಲ್ಲಿಯ ಬಸಳೆ ಅಳಿದು ವರ್ಷಗಳಾಗಿದ್ದವು. ಬುಲ್ಡೋಜರ್ ಬಂದ ದಿನ ಅತ್ತೆ ಒಂದೇ ಒಂದು ದಂಟನ್ನು ಪೇಂಟಿನ ಡಬ್ಬಿಗೆ ನೆಟ್ಟು ಒಳಗೆ ತಂದಿಟ್ಟರು. ಬಿಸಿಲೇ ಇಲ್ಲದ ಮನೆಯಲ್ಲಿ ಅದು ದಿನದಿಂದ ದಿನಕ್ಕೆ ಬೆಳ್ಳಗಾಯಿತು. ಬೇರೆಯವರ ಹಿತ್ತಿಲಿಗೆ ಕೊಡಿ ಎಂದರೆ, "ನನ್ನ ಕಣ್ಣೆದ್ರಿಗೇ ಇರ್ಲಿ. ಸತ್ರೂ ಇಲ್ಲೇ ಸಾಯ್ಲಿ" ಎಂದರು. ಅಷ್ಟು ಹೇಳಿ ಸುಮ್ಮನಾದವರು ಸುಮ್ಮನೇ ಉಳಿದರು.

ಒಂದು ಮಧ್ಯಾಹ್ನ ಮಾಮ ನನ್ನ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂರಲಿಲ್ಲ. ಗಿರಾಕಿಗೆ ಸಲಹೆ ಕೊಡಲಿಲ್ಲ. ನನಗೆ ಗಾಬರಿಯಾಯಿತು.

"ಎಂತ ಆತು ಮಾಮಾ?"

"ಅವಳು ಬೈಯೂದೇ ಬಿಟ್ಟಿದ್ದಾಳೆ ಮಾರಾಯ್ತಿ" ಎಂದರು. "ನಿನ್ನೆ ಬೇಕಂತಲೇ ಅವಳ ಟವೆಲಿಗೆ ನಶ್ಯದ ಕೈ ಒರ್ಸಿದೆ. ನೋಡಿದಳು. ಸುಮ್ನೆ ತಕ್ಕೊಂಡೋಗಿ ತೊಳೆದು ಹಾಕಿದಳು. ನಂಗೆ ಹೆದ್ರಿಕೆ ಆಗ್ತದೆ."

ಅವರ ಮುಖ ನೋಡಿದರೆ ನಗುವ ಹಾಗೂ ಇಲ್ಲ, ಅಳುವ ಹಾಗೂ ಇಲ್ಲ. ಆಮೇಲೆ ಮಾಮನೇ ಹೇಳಿದರು: "ಆ ಬಸಳೆ ಒಂದು ಚಿಗುರಿದ್ರೆ ಅವಳು ಬೈತಾಳೆ. ನಂಗೊತ್ತು. ಬಿಸ್ಲು ಇಲ್ಲ, ಸರಿ. ಬೆಳಕು ಮಾಡೂದು ನಂಗೆ ಗೊತ್ತಿಲ್ವನೆ? ಜನ್ಮ ಇಡೀ ಮಾಡಿದ್ದು ಎಂತದು?"

ಹೀಗೆ ಶುರುವಾಯಿತು. ಮೊದಲು ಅವರು ಯಾರನ್ನೂ ಕೇಳದೆ, ಮದುವೆ ಫೋಟೊಗೆ ಬಳಸುತ್ತಿದ್ದ ಹಳೆಯ ದೊಡ್ಡ ದೀಪಗಳನ್ನು ಹೊರಗೆ ತೆಗೆದು ಡಬ್ಬಿಯ ಎರಡೂ ಬದಿಗೆ ನಿಲ್ಲಿಸಿದರು. ಆ ದೀಪದ ಬಿಸಿಗೆ ಮದುಮಕ್ಕಳ ಪೌಡರ್ರೇ ಇಳಿದು ಹೋಗುತ್ತಿತ್ತು. ಬಸಳೆ ಪಾಪ, ಸಂಜೆಯೊಳಗೆ ಎಲೆಯಂಚು ಸುಟ್ಟುಕೊಂಡಿತು. "ಹಳದಿ ಬೆಳಕು ಆಗೂದಿಲ್ಲ" ಎಂದು ತೀರ್ಮಾನ ಕೊಟ್ಟರು. ಹಳದಿಯದ್ದಲ್ಲ ಮಾಮಾ, ಬಿಸಿಯದ್ದು ತಪ್ಪು ಎಂದೆ. ಕೇಳಲಿಲ್ಲ. ನನ್ನ ಅಂಗಡಿಯಿಂದ ಒಂದು ಸಾದಾ ಬಿಳಿ ಬಲ್ಬು ಒಯ್ದು ಮೇಲೆ ಜಂತಿಗೆ ಕಟ್ಟಿದರು. ಅಷ್ಟೆತ್ತರದ ಬೆಳಕನ್ನು ಹುಡುಕಿಕೊಂಡು ಬಸಳೆಯ ಕುಡಿ ನೂಲಿನ ಹಾಗೆ ಉದ್ದಕ್ಕೆ ಎದ್ದಿತು. ಎಲೆಗೂ ಎಲೆಗೂ ಗೇಣು ದೂರ. ಮಾಮ ತಮ್ಮ ಎರಡು ಬೆರಳನ್ನು ಕುಡಿಯ ಅಡಿಗಿಟ್ಟು ಎತ್ತಿ ನೋಡಿ, "ಇದು ಗುಂಪು ಫೋಟೊದ ಹಿಂದಿನ ಸಾಲಿನವ್ರ ಹಾಗೆ ಕತ್ತು ಚಾಚ್ತದೆ. ಬೆಳಕು ಹತ್ರ ಬರ್ಬೇಕು" ಎಂದರು. ಈ ಸಲ ಸರಿಯಾಗಿಯೇ ಹೇಳಿದ್ದರು.

ಅಷ್ಟರಲ್ಲಿ ಹೊನ್ನಾವರದಲ್ಲಿರುವ ಮಾಮನ ಮಗಳ ಗಂಡ ಆನ್‌ಲೈನಿನಲ್ಲಿ ಒಂದು ದೀಪ ತರಿಸಿ ಕಳಿಸಿದ. ಗಿಡಗಳಿಗೆಂದೇ ಮಾಡಿದ್ದು. ಕೆಂಪು, ನೀಲಿ ಚುಕ್ಕೆಗಳ ಹಲಗೆ. ಹಾಕಿದರೆ ಇಡೀ ಸ್ಟುಡಿಯೋ ನೇರಳೆ ಹಣ್ಣಿನ ಬಣ್ಣ! ಶಟರ್ ಅಡಿಯಿಂದ ಆ ಬೆಳಕು ರಸ್ತೆಗೆ ಚೆಲ್ಲಿ, ಎರಡೇ ದಿನದಲ್ಲಿ ಊರಿಗೆಲ್ಲ ಸುದ್ದಿಯಾಯಿತು. ಪಕ್ಕದ ಟೈರು ಅಂಗಡಿಯವನು ನನ್ನಲ್ಲಿ ಬಂದು ದನಿ ತಗ್ಗಿಸಿ, "ಮಾಮ ಬಾರು ಶುರು ಮಾಡಿದ್ರಾ?" ಎಂದು ಕೇಳಿದ. ಒಬ್ಬ ಲಾರಿಯವನಂತೂ ಗಾಡಿ ನಿಲ್ಲಿಸಿ ಒಳಗೇ ಬಂದು, ಬಸಳೆಯನ್ನು ನೋಡಿ, ಅತ್ತೆಯನ್ನು ನೋಡಿ, ಕೈಮುಗಿದು ಹೊರಗೆ ಹೋದನಂತೆ. ಇದನ್ನು ಹೇಳುವಾಗ ಮಾಮನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಆ ದೀಪದಲ್ಲಿ ಗಿಡವೇನೋ ಬೆಳೆಯತೊಡಗಿತು. ಮಾಮನಿಗೆ ಮಾತ್ರ ಸಮಾಧಾನವಿಲ್ಲ. ನೇರಳೆ ಬೆಳಕಿನಲ್ಲಿ ಎಲೆ ಕಪ್ಪಗೆ ಕಾಣುತ್ತದೆ. ಹಳದಿಯಾಗಿದೆಯೋ, ಹಸಿರಾಗಿದೆಯೋ, ಹುಳು ಬಿದ್ದಿದೆಯೋ ತಿಳಿಯುವುದಿಲ್ಲ. ಒಂದು ದಿನ ಡಬ್ಬಿಯನ್ನು ಬಾಗಿಲಿಗೆ ತಂದು ನೋಡಿದರೆ ಎಲೆ ತುಂಬ ಕೆಂಪು ಚುಕ್ಕೆ ರೋಗ. ಒಳಗೆ ಒಂದೂ ಕಂಡಿರಲಿಲ್ಲ. ಆ ಚುಕ್ಕೆಯ ಎಲೆಗಳನ್ನೆಲ್ಲ ಕಿತ್ತು, ಉಳಿದ ಚೊಕ್ಕ ಎಲೆಗಳಲ್ಲಿ ಒಂದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮಾಮ ನೆಟ್ಟಗೆ ನನ್ನ ಅಂಗಡಿಗೆ ಬಂದರು. "ಕರೆಂಟಮ್ಮ, ಅಂಗಡಿಯ ಎಲ್ಲ ಲೈಟು ಆರ್ಸು" ಎಂದರು.

ಮಧ್ಯಾಹ್ನ ಹನ್ನೆರಡು ಗಂಟೆ. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳು.

"ಮಾಮಾ, ವ್ಯಾಪಾರದ ಹೊತ್ತು..."

"ಆರ್ಸು ಅಂದೆ."

ಆರಿಸಿದೆ. ಶಟರನ್ನೂ ಅರ್ಧ ಎಳೆಸಿದರು. ನನ್ನಲ್ಲಿದ್ದ ಬಲ್ಬು, ಟ್ಯೂಬು, ಪಟ್ಟಿ ದೀಪ ಒಂದೊಂದನ್ನೇ ಹಚ್ಚಿಸಿ, ಕಿಸೆಯ ಎಲೆಯನ್ನು ನನ್ನ ಕೆನ್ನೆಯ ಪಕ್ಕಕ್ಕೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು. ಬೆಳಕು ಅಳೆಯುವ ಅಂಗೈಯಷ್ಟಿನ ಹಳೆಯ ಮೀಟರ್ ಒಂದನ್ನು ಕೊರಳಿಗೆ ನೇತುಹಾಕಿಕೊಂಡು ಬಂದಿದ್ದರು. ಅದರ ಮುಳ್ಳನ್ನೂ ನೋಡಿದರು. ಗಿರಾಕಿಗಳು ಬೇಜಾರು ಮಾಡಿಕೊಂಡಾರು ಎಂದು ನಾನು ಅಂದುಕೊಂಡರೆ, ಅವರು ಕೌಂಟರಿಗೆ ಒರಗಿ ಪಂದ್ಯ ನೋಡುವ ಹಾಗೆ ನಿಂತುಬಿಟ್ಟಿದ್ದರು.

"ಈ ಕಡೆ ಎಲೆ, ಈ ಕಡೆ ನಿನ್ನ ಮೋರೆ. ಎರಡೂ ಜೀವ ಇದ್ದ ಹಾಗೆ ಕಾಣ್ಬೇಕು" ಎಂದರು ಮಾಮ. "ಇದ್ರಲ್ಲಿ ನೀನು ಕಾಮಾಲೆ ಆದವ್ಳು. ತೆಗಿ. ಇದ್ರಲ್ಲಿ ಎಲೆ ಸರಿ, ನೀನು ಹೆಣ. ತೆಗಿ."

ನಾಲ್ಕೂ ಜನ ಹೊಟ್ಟೆ ಹಿಡಿದು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿದರೂ ನಗು ಬಂತು. ಆಗ ನಾನು ಒಳಗಿನಿಂದ ಒಂದು ಪೆಟ್ಟಿಗೆ ತಂದೆ. ಬಟ್ಟೆ ಅಂಗಡಿಯವರಿಗೆಂದು ತರಿಸಿದ್ದ ಉದ್ದನೆಯ ಟ್ಯೂಬುಗಳು. ಸೀರೆಯ ನಿಜಬಣ್ಣ ತೋರಿಸಲಿಕ್ಕೆ ಅವರು ಅದನ್ನೇ ಕೇಳುತ್ತಾರೆ. ಹಗಲಿನಂಥ ಬಿಳಿ, ಒಂದು ಎಳೆ ನೀಲಿ ಜಾಸ್ತಿ, ಬಿಸಿ ಕಡಿಮೆ. ಮಾಲು ಕೊಡುವವರು ಒಮ್ಮೆ ಹೇಳಿದ್ದರು, ಎಲೆ ಕಾಂಡ ಬೆಳೆಯುವ ಹಂತಕ್ಕೆ ಇಂಥ ತಂಪು ಬಿಳಿ ಸಾಕು, ಕೆಂಪು ಹೆಚ್ಚು ಬೇಕಾಗುವುದು ಹೂವು ಕಾಯಿಯ ಹಂತಕ್ಕೆ ಎಂದು. ನಾನು ಅದನ್ನು ಮಾಮನಿಗೆ ಹೇಳಿದೆ.

ಮಾಮ ಟ್ಯೂಬು ಹಚ್ಚಿ, ಎಲೆ ಹಿಡಿದು, ನನ್ನ ಗದ್ದದ ಕೆಳಗೆ ಎರಡು ಬೆರಳಿಟ್ಟು ಎತ್ತಿ, ಸುಮಾರು ಹೊತ್ತು ನೋಡಿದರು. "ಹಾಂ. ಇದು ಹತ್ತು ಗಂಟೆಯ ಬಿಸ್ಲು" ಎಂದರು. "ಬೆಳೆಯೂ ವಯಸ್ಸಿಗೆ ಇದೇ ಬೇಕು. ಸಂಜೆಯ ಕೆಂಪು ಮದುವೆ ವಯಸ್ಸಿಗೆ." ನಾಲ್ಕು ಗಿರಾಕಿಗಳಲ್ಲಿ ಇಬ್ಬರು ಅದೇ ಟ್ಯೂಬು ಕೊಂಡರು, ಯಾಕೆಂದು ಅವರಿಗೇ ಗೊತ್ತಿರಲಿಲ್ಲ.

ನಾನೇ ಹೋಗಿ ಕೂರಿಸಿಕೊಟ್ಟೆ. ಫೋಟೊದ ಸ್ಟ್ಯಾಂಡುಗಳ ನಡುವೆ ಅಡ್ಡಕ್ಕೆ ಎರಡು ಟ್ಯೂಬು, ಕುಡಿಯಿಂದ ಒಂದೂವರೆ ಗೇಣು ಮೇಲೆ. ಬಳ್ಳಿ ಏರಿದ ಹಾಗೆ ಸ್ಟ್ಯಾಂಡಿನ ತಿರುಪು ಸಡಿಲಿಸಿ ಟ್ಯೂಬನ್ನೂ ಏರಿಸುವುದು. ಮಾಮ ಕುಡಿಯ ಪಕ್ಕ ಮುಂಗೈ ಹಿಡಿದು, ಬಿಸಿ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಸುತ್ತಲೂ ಥರ್ಮೊಕೋಲ್ ಹಾಳೆ ನಿಲ್ಲಿಸಿ, ಸ್ಟುಡಿಯೋದ ಬೆಳ್ಳಿ ಬಣ್ಣದ ಛತ್ರಿಯನ್ನೂ ಬಿಚ್ಚಿ, ಬೆಳಕು ಚೂರೂ ಪೋಲಾಗದ ಹಾಗೆ ಮಾಡಿದರು. ಅಷ್ಟು ಆರೈಕೆಯನ್ನು ಯಾವ ಮದುಮಗಳೂ ಕಂಡಿರಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ದಿನಕ್ಕೆ ಹದಿನಾಲ್ಕು ತಾಸು ಉರಿಯಬೇಕು, ಎಂಟಕ್ಕೆ ಹಾಕಿ ಊಟ ಮುಗಿಸಿ ಮಲಗುವಾಗ ಆರಿಸಿದರೆ ಆತು ಎಂದು ನಾನು ಹೇಳಿದ್ದು ಇಬ್ಬರಿಗೂ ಕೇಳಿತ್ತು.

ಬಸಳೆ ದಪ್ಪವಾಯಿತು, ಹಸಿರಾಯಿತು. ಮಾಮ ದಿನವೂ ಬಂದು ಎಲೆಯ ಅಗಲವನ್ನು ಬೊಗಸೆಯಲ್ಲಿ ತೋರಿಸಿ ಹೋಗುತ್ತಿದ್ದರು. ಆ ಬೊಗಸೆ ಎಲೆಗಿಂತ ಸದಾ ಸ್ವಲ್ಪ ದೊಡ್ಡದೇ. ಹಾಗಿರುವಾಗ ಒಂದು ದಿನ ಮಳೆಯಲ್ಲಿ ನೆನೆದುಕೊಂಡು ಬಂದು, ನನ್ನ ಕೌಂಟರಿನ ಮೇಲೆ ಒಂದು ಕುಡಿ ಇಟ್ಟರು. ಕುಡಿ ತುಂಬ ಸಣ್ಣ ಸಣ್ಣ ಬಿಳಿ, ಗುಲಾಬಿ ಮೊಗ್ಗು. ಎಲೆ ಕಿರಿದಾಗಿತ್ತು.

"ಎಂತದೇ ಇದು? ಹೂ ಬಿಡ್ತಾ ಇದೆ! ಹೂ ಬಿಟ್ರೆ ಎಲೆ ನಿಲ್ತದೆ, ಬಳ್ಳಿ ಮುದಿ ಆಗ್ತದೆ. ಅವಳು ಇದನ್ನ ನೋಡಿ ಒಳಗೆ ಹೋಗಿ ಮಲಗಿದ್ದಾಳೆ. ನೀ ಕೊಟ್ಟಿದ್ದು ಮದುವೆಯ ಲೈಟು!"

"ನನ್ನ ಲೈಟಿಗೆ ಎಂತ ಆಗ್ಲಿಲ್ಲ!" ನನಗೂ ರೇಗಿತು. "ನೀವೇ ಎಂತದೋ ಕಿತಾಪತಿ ಮಾಡಿದ್ದೀರಿ."

"ನಾನಾ? ಮುಟ್ಟಿದ್ರೆ ಕೇಳು!"

ಆ ಸಂಜೆಯೇ ಟೆಸ್ಟರ್ ಕಿಸೆಗೆ ಹಾಕಿಕೊಂಡು ಅವರ ಮನೆಗೆ ಹೋದೆ. ಕಟ್ಟೆಗೆ ಹೊರಟಿದ್ದ ಮಾಮನನ್ನು ದಾರಿಯಿಂದಲೇ ಹಿಡಿದು ತಂದಿದ್ದೆ. ನಾವು ಮೆಟ್ಟಿಲು ಹತ್ತುವಾಗ ದೀಪ ಹಚ್ಚುವ ಹೊತ್ತು. ಅತ್ತೆ ದೇವರ ಮುಂದೆ ಹಚ್ಚಿದ ದೀಪಕ್ಕೆ ಕೈಮುಗಿದು, ಸೆರಗು ಸರಿಮಾಡಿಕೊಂಡು ಸ್ಟುಡಿಯೋಗೆ ಬಂದರು. ಎಷ್ಟೋ ದಿನದ ರೂಢಿ ಎಂಬಂತೆ ಸ್ವಿಚ್ಚಿಗೆ ಕೈ ಹಾಕಿದರು. ಟಕ್. ಕತ್ತಲು.

ಮಾಮ ಬಾಗಿಲಲ್ಲೇ ಕಲ್ಲಾದರು. "ಹೋಯ್! ಎಂತ ಮಾಡ್ದೆ?"

"ಎಂತ ಮಾಡ್ದೆ ಅಂದ್ರೆ? ಆರ್ಸಿದೆ" ಎಂದರು ಅತ್ತೆ. "ದೀಪ ಹಚ್ಚಿ ಆತು. ಗಿಡ ಮಲಗೂ ಹೊತ್ತು."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಸಂಜೆ ದೀಪ ಹಚ್ಚಿದ ಮೇಲೆ ಗಿಡದಿಂದ ಎಲೆ ಕೊಯ್ಯಬಾರದು, ಹೂ ಕೊಯ್ಯಬಾರದು, ನೀರನ್ನೂ ಸದ್ದು ಮಾಡಿ ಹೊಯ್ಯಬಾರದು, ಗಿಡ ಮಲಗಿರುತ್ತದೆ. ನಾನೂ ಹಾಗೇ ಬೆಳೆದವಳು. ಆದರೂ ಹದಿನಾಲ್ಕು ತಾಸಿನ ಲೆಕ್ಕ ಹೇಳುವಾಗ ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಮಾಮ ಎಂಟಕ್ಕೆದ್ದು ಹಾಕುತ್ತಿದ್ದರು, ಅತ್ತೆ ಮುಸ್ಸಂಜೆಗೇ ಆರಿಸುತ್ತಿದ್ದರು, ಮಾಮ ಕಟ್ಟೆಯಿಂದ ಬರುವ ಹೊತ್ತಿಗೆ ಶಟರ್ ಇಳಿದಿರುತ್ತಿತ್ತು. ಬಸಳೆಗೆ ಸಿಕ್ಕಿದ್ದು ಚಳಿಗಾಲದ ಗಿಡ್ಡ ಹಗಲು. ಚಪ್ಪರದಲ್ಲಿದ್ದಾಗಲೂ ಅದು ಹೂ ಬಿಡುತ್ತಿದ್ದದ್ದು ಚಳಿಗಾಲದಲ್ಲೇ ಅಲ್ಲವೇ?

ನಾನು ಇದನ್ನು ಹೇಳುತ್ತಿದ್ದಂತೆ ಮಾಮ ಕುಣಿಯತೊಡಗಿದರು. "ಕೇಳಿದ್ಯಾ? ನೀನೇ ಕೊಂದದ್ದು! ರಾತ್ರಿ ಹತ್ತರ ತನಕ ಬೇಕು ಅದಕ್ಕೆ, ಹತ್ತರ ತನಕ!"

ಆಗ ಅತ್ತೆ ಬಾಯಿ ಬಿಟ್ಟರು. "ಹತ್ತರ ತನಕನಾ? ನಿಮ್ಗೆ ತಲೆ ಸಮ ಇದ್ಯಾ? ಕಟ್ಟೆಮೇಲೆ ಕೂತು ಹಾಳು ಹರಟೆ ಹೊಡೆಯೂ ನಿಮ್ಗೆ ನಿದ್ದೆಯ ಬೆಲೆ ಎಂತ ಗೊತ್ತು? ಹಸುಗೂಸು ಅದು! ಅದ್ರ ಕಣ್ಣಿಗೆ ಲೈಟು ಬಿಟ್ಟು ಕೂರ್ಸೂದಾ? ಜನ್ಮ ಇಡೀ ಜನರ ಕಣ್ಣಿಗೆ ಲೈಟು ಬಿಟ್ಟಿದ್ದು ಸಾಕಾಗ್ಲಿಲ್ಲ, ಈಗ ನನ್ನ ಅಪ್ಪನ ಮನೆ ಬಸಳೆ ಸಿಕ್ತಾ? ನಶ್ಯದ ಕೈಯಲ್ಲಿ ಅದ್ರ ಕುಡಿ ಮುಟ್ತೀರಿ, ನಾ ನೋಡಿದ್ದಿಲ್ಲ ಅಂದ್ಕೊಂಡ್ರ್ಯಾ?"

ದನಿ ಏರುತ್ತ ಹೋಯಿತು. ಟೈರು ಅಂಗಡಿಯವನು ಹೊರಗೆ ಬಂದು ನಿಂತ. ಮಾಮನ ಮುಖ ನೋಡಿದೆ. ಸಿಟ್ಟು ಎಲ್ಲಿಗೆ ಹೋಯಿತೋ, ಇಷ್ಟಗಲ ಅರಳಿತ್ತು. ನನ್ನ ತೋಳು ಹಿಡಿದು ಅಲ್ಲಾಡಿಸಿ, "ಕೇಳಿದ್ಯನೆ ಕರೆಂಟಮ್ಮ? ಬೈತಾ ಇದ್ದಾಳೆ! ಬೈತಾ ಇದ್ದಾಳೆ!" ಎಂದರು. ಅತ್ತೆ ಒಂದು ಗಳಿಗೆ ಬಾಯಿ ತೆರೆದೇ ನಿಂತು, ಆಮೇಲೆ ಸೆರಗನ್ನು ಬಾಯಿಗಿಟ್ಟುಕೊಂಡು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ನನಗೆ ಕಣ್ಣು ಒದ್ದೆಯಾಯಿತು. ಅಂಥ ಸಂತೋಷದ ಬೈಗುಳವನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಆದರೂ ಸ್ವಿಚ್ಚಿನ ವಿಷಯದಲ್ಲಿ ಅತ್ತೆ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ದೀಪ ಹಚ್ಚಿದ ಮೇಲೆ ಉರಿಸುವ ಹಾಗಿಲ್ಲ, ಅಷ್ಟೇ. ನಾನು ತಲೆ ಕೆರೆದುಕೊಂಡು ಕೂತೆ. ಕೊನೆಗೆ ದಾರಿ ಹೇಳಿದವರು ಅತ್ತೆಯೇ. "ತಡಮಾಡಿ ಮಲಗ್ಸೂದು ಪಾಪ. ಬೇಗ ಎಬ್ಸೂದಕ್ಕೆ ಎಂತ ಪಾಪ ಇಲ್ಲ. ನಮ್ಮನೇಲಿ ದೋಣಿ ಬರೂ ಹೊತ್ತಿಗೆ, ನಾಲ್ಕಕ್ಕೇ ಎಲ್ರೂ ಏಳ್ತಿದ್ವು. ಬಸಳೆಯೂ ಆ ಮನೇದೇ ಅಲ್ವಾ? ಏಳ್ತದೆ" ಎಂದರು. ನಾಲ್ಕರಿಂದ ಮುಸ್ಸಂಜೆಯ ತನಕ ಅಂದರೆ ಹದಿನಾಲ್ಕು ತಾಸು ಆಗಿಯೇ ಆಗುತ್ತದೆ! ಒಪ್ಪಂದ ಆತು. ಆದರೆ ಎಬ್ಬಿಸುವವರು ಯಾರು? "ಲೈಟು ಮಾಡೂದು ಯಾರ ಕೆಲಸವೋ ಅವ್ರೇ" ಎಂದು ಅತ್ತೆ ಒಳಗೆ ಹೋದರು.

ಎಂಟಕ್ಕೆ ಮುಂಚೆ ಕಣ್ಣು ಬಿಟ್ಟೇ ಗೊತ್ತಿಲ್ಲದ ಮಾಮ, ಮರುದಿನದಿಂದ ನಾಲ್ಕಕ್ಕೆ ಎದ್ದರು. ಮಂಕಿ ಟೊಪ್ಪಿ ಹಾಕಿಕೊಂಡು, ಲೋಕದ ಮೇಲೆಲ್ಲ ಸಿಟ್ಟು ಮಾಡಿಕೊಂಡು ಸ್ವಿಚ್ಚು ಒತ್ತುತ್ತಿದ್ದರು. ಅತ್ತೆ ಚಾ ಮಾಡುತ್ತಿದ್ದರು. ಹೂವಿನ ಕುಡಿಗಳನ್ನು ಚಿವುಟಿ ಹಾಕಿದ ಮೇಲೆ ಬಳ್ಳಿಯ ಬುಡದಿಂದ ಹೊಸ ಚಿಗುರು ಬಂತು. ಥರ್ಮೊಕೋಲಿನ ಗೋಡೆ ದಾಟಿ, ಸ್ಟ್ಯಾಂಡು ಹತ್ತಿ, ಕಪ್ಪು ಪರದೆಯ ಮೇಲೆ ಹರಡಿತು. ಬೆಳಗಿನ ಕತ್ತಲಲ್ಲಿ ಊರಿಗೆಲ್ಲ ಅದೊಂದೇ ಬೆಳಗುವ ಬಾಗಿಲು. ಮೀನು ತರಲು ಟೆಂಪೊ ಕಾಯುವ ಹೆಂಗಸರು ಮಳೆಗೆ ಅಲ್ಲಿ ನಿಲ್ಲತೊಡಗಿದರು, ನಿಂತವರು ಕೂತರು, ಕೂತವರಿಗೆ ಚಾ ಬಂತು. ಮುಖವೆಲ್ಲ ಚೆನ್ನಾಗಿ ಕಾಣುವ ಆ ಬೆಳಕಿನಲ್ಲಿ ಅಷ್ಟೊಂದು ಮುಖಗಳನ್ನು ನೋಡಿ ಮಾಮನ ಬೆರಳು ಸುಮ್ಮನಿದ್ದೀತೇ? ಕ್ಯಾಮೆರಾ ಹೊರಗೆ ಬಂತು. "ಏ ತಂಗಿ, ಗದ್ದ ಒಂಚೂರು ಮೇಲೆ. ಹಾಂ. ಉಸ್ರು ಬಿಡ್ಬೇಡ." ತಲೆಯ ಮೇಲೆ ಬುಟ್ಟಿ, ಹಿಂದೆ ಬಸಳೆ. ಆ ಫೋಟೊಗಳು ಬಾಡದಿಂದ ಕಾಗಾಲದ ತನಕ ಎಷ್ಟೋ ಮನೆಯ ಗೋಡೆಯಲ್ಲಿವೆ.

ಮಾಲು ತರಲು ನಾನು ಬೆಳಗಿನ ರೈಲಿಗೆ ಹೊರಟಿದ್ದ ಒಂದು ದಿನ ಮಾಮ ನನ್ನನ್ನೂ ಎಳೆದು ಕೂರಿಸಿದರು. ಕಿಸೆಯ ಟೆಸ್ಟರ್ ತೆಗೆಯಲು ಹೋದರೆ, "ಇರ್ಲಿ, ಅದು ನಿನ್ನ ಸರ" ಎಂದರು. ಆ ಫೋಟೊವನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ತಾವೇ ಬಂದು ಅಂಗಡಿಯ ಬಾಗಿಲಿಗೆ ಎದುರಾಗಿ ಮೊಳೆ ಹೊಡೆದರು. ಗದ್ದ ಎತ್ತಿ, ನೇರ ನೋಡುತ್ತ ಕೂತ ನಾನು. "ಒಳಗೆ ಬಂದವ್ರು ಮೊದ್ಲು ಇವಳನ್ನ ನೋಡ್ಲಿ. ಮತ್ತೆ ಯಾರೂ ಗಂಡಸ್ರನ್ನ ಕೇಳೂದಿಲ್ಲ" ಎಂದರು. ನಿಜಕ್ಕೂ ಕೇಳಲಿಲ್ಲ. ಫೋಟೊದಿಂದಲೋ, ಆ ಫೋಟೊ ನೋಡಿ ನಾನೇ ಹಾಗೆ ಕೂರಲು ಕಲಿತದ್ದರಿಂದಲೋ ಗೊತ್ತಿಲ್ಲ. ಇವತ್ತಿಗೂ ಅಂಗಡಿಯಲ್ಲಿ ಯಾರಾದರೂ ದನಿ ಏರಿಸಿದರೆ ನನ್ನ ಗದ್ದದ ಕೆಳಗೆ ಎರಡು ತಣ್ಣನೆಯ ಬೆರಳು ಬಂದ ಹಾಗಾಗುತ್ತದೆ. ಅಷ್ಟೇ ಸಾಕಾಗುತ್ತದೆ.

ಅತ್ತೆಯೂ ಬದಲಾದರು. ಕಳೆದುಹೋಗುವುದಿತ್ತಲ್ಲ ಎಂಬ ಹೆದರಿಕೆಗೋ ಏನೋ, ಕೇಳಿದವರಿಗೆಲ್ಲ ದಂಟು ಕೊಡತೊಡಗಿದರು. ಮೊದಲ ದಂಟು ನಮ್ಮ ಅಮ್ಮನಿಗೆ. "ಕದಿಯೂದು ಬೇಡ, ತಕೊ" ಎಂದರಂತೆ.

ಹೋದ ಮಳೆಗಾಲದಲ್ಲಿ ಮಾಮ ಹೋದರು. ಮಧ್ಯಾಹ್ನ ಬಸಳೆ ಸೆಟ್ಲಿ ಸಾರಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡು, ಮಲಗಿದವರು ಏಳಲಿಲ್ಲ. ಹೊನ್ನಾವರದ ಮಗಳು, ಅಳಿಯ ಪುಣೆಯಲ್ಲಿ ತಮ್ಮ ಮಗನ ಹತ್ತಿರ ಇದ್ದದ್ದರಿಂದ, ಅವರು ಮರುದಿನ ಬೆಳಿಗ್ಗೆ ಬರುವ ತನಕ ದೇಹವನ್ನು ಇಟ್ಟುಕೊಳ್ಳುವುದು ಎಂದಾಯಿತು. ಸ್ಟುಡಿಯೋದಲ್ಲೇ, ಬಳ್ಳಿಯ ಮುಂದೆ ಮಲಗಿಸಿದ್ದರು. ಅವರೇ ಆಯ್ದ ಆ ಬೆಳಕಿನಲ್ಲಿ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ಮೀನಿನ ಹೆಂಗಸರು ಗೋಡೆಯ ಉದ್ದಕ್ಕೂ ಕೂತಿದ್ದರು.

ಮುಸ್ಸಂಜೆಯಾಯಿತು. ತಲೆಯ ಬಳಿಯ ದೀಪಕ್ಕೆ ಯಾರೋ ಎಣ್ಣೆ ಹಾಕಿದರು. ಅತ್ತೆ ಏಳುವ ಸ್ಥಿತಿಯಲ್ಲಿಲ್ಲ ಎಂದು, ಅವರ ನಿಯಮ ತಪ್ಪದಿರಲಿ ಎಂದು, ನಾನೇ ಎದ್ದು ಸ್ವಿಚ್ಚಿಗೆ ಕೈ ಹಾಕಿದೆ.

"ಇರ್ಲಿ ಬಿಡು" ಎಂದರು ಅತ್ತೆ. "ಇವತ್ತೊಂದಿನ ಅದೂ ಎಚ್ಚರ ಇರ್ಲಿ."

ಆಮೇಲೆ ಮಾಮನ ಕಡೆ ತಿರುಗಿ, ಅದೇ ಹಳೆಯ ದನಿಯಲ್ಲಿ ಬೈದರು: "ಆತಲ್ಲ ಈಗ? ಹತ್ತರ ತನಕ ಬೇಕು, ಹತ್ತರ ತನಕ ಬೇಕು ಅಂತ ಕುಣೀತಿದ್ರಲ್ಲ. ತಕ್ಕೊಳ್ಳಿ, ಎಷ್ಟು ಹೊತ್ತು ಬೇಕೋ ಅಷ್ಟು ಉರೀಲಿ."

ಮರುದಿನ ನಾಲ್ಕಕ್ಕೆ ಅತ್ತೆ ಅಭ್ಯಾಸದಂತೆ ಎದ್ದು ನಿಂತರು. ಲೈಟು ಹಾಕುವ ಕೆಲಸ ಇರಲಿಲ್ಲ. ಅದು ಉರಿಯುತ್ತಲೇ ಇತ್ತು.